ಉಗ್ರಪ್ಪನ ಕಿವಿ

ಹುಳಿಯಾರಿನ ಸುತ್ತಮುತ್ತ ಯಾರ ಗಾಡಿ ಕೆಟ್ಟರೂ ಮೊದಲು ಬರುತ್ತಿದ್ದ ಮಾತು ಒಂದೇ: "ಉಗ್ರಪ್ಪಂಗೆ ಒಂದ್ಸಲ ಕೇಳ್ಸು." ತೋರಿಸು ಎನ್ನುತ್ತಿರಲಿಲ್ಲ, ಕೇಳಿಸು ಎನ್ನುತ್ತಿದ್ದರು. ತಿಪಟೂರು ರಸ್ತೆಯಲ್ಲಿ ಊರು ಮುಗಿಯುವ ಕಡೆ, ಹೊಂಗೆಮರದ ಕೆಳಗೆ ಅವನ ತಗಡಿನ ಶೆಡ್ಡು. ಗಾಡಿ ಬಂದು ನಿಂತರೆ ಉಗ್ರಪ್ಪ ಬಾನೆಟ್ ಎತ್ತಿಸಿ, ಇಂಜಿನ್ ಓಡುತ್ತಿರುವಂತೆಯೇ ಮೊಳದುದ್ದದ ಸ್ಕ್ರೂಡ್ರೈವರಿನ ಮೊನೆಯನ್ನು ಅದರ ಮೈಗೆ ಆನಿಸಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಕಣ್ಣು ಮುಚ್ಚುತ್ತಿದ್ದ. ಆಗ ಗಾಡಿಯವರು ತಾವಾಗಿಯೇ ಮಾತು ನಿಲ್ಲಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ಬೇರಿಂಗ್ ಹೋಗಿದೆ ಅಂತಲೋ, ಟ್ಯಾಪೆಟ್ ಸಡಿಲವಾಗಿದೆ ಅಂತಲೋ ಅವನು ಹೇಳಿದರೆ, ಬಿಚ್ಚಿ ನೋಡಿದಾಗ ಹಾಗೆಯೇ ಇರುತ್ತಿತ್ತು. ಗಾಡಿಯ ಅಡಿ ಅಂಗಾತ ಮಲಗಿಕೊಂಡೇ, ರಸ್ತೆಯಲ್ಲಿ ಹಾದುಹೋದ ಲಾರಿ ಯಾರದೆಂದು ಹೇಳಬಲ್ಲ ಎಂದು ಅವನಿಗೆ ಹೆಸರು ಬಂದಿತ್ತು.

ಆ ಕಿವಿಯ ಮೇಲೆ ಊರಿಗಿದ್ದಷ್ಟೇ ನಂಬಿಕೆ ಅವನಿಗೂ ಇತ್ತು. ಹಾಗಾಗಿ ಈಚೆಗೆ ಹೆಂಡತಿ ರೇವಮ್ಮನ ಮಾತು ಸರಿಯಾಗಿ ತಿಳಿಯದೆ ಹೋದಾಗ, ಇವಳು ವಯಸ್ಸಾದಂತೆ ಬಾಯೊಳಗೇ ಮಾತಾಡುವುದನ್ನು ಕಲಿತಳು ಎಂದು ಗೊಣಗುತ್ತಿದ್ದ. ಫೋನು ಕೆಟ್ಟಿದೆಯೆಂದು ಬೇರೆ ಫೋನು ತಂದ. ಅದೂ ಸರಿಯಿಲ್ಲ ಎಂದ. ಕೊನೆಗೆ ಫೋನು ರೇವಮ್ಮನ ಕೈಗೇ ಹೋಯಿತು. ಶೆಡ್ಡಿನ ಬೆನ್ನಿಗೇ ಅವರ ಮನೆ. ಯಾರು ಕರೆ ಮಾಡಿದರೂ ಅವಳೇ ಮಾತಾಡಿ, ಹಿತ್ತಲ ಬಾಗಿಲಿಂದ ಬಂದು ಅವನ ಎದುರಿಗೆ ನಿಂತು ಹೇಳಿ ಹೋಗುತ್ತಿದ್ದಳು. ಕಿವಿಯನ್ನು ಅನುಮಾನಿಸಲು ಉಗ್ರಪ್ಪನಿಗೆ ಕಾರಣವೇ ಕಂಡಿರಲಿಲ್ಲ. ಸ್ಕ್ರೂಡ್ರೈವರ್ ಆನಿಸಿದರೆ ಸಾಕು, ಇಂಜಿನ್ನಿನೊಳಗಿನ ದಡದಡ ಎಂದಿನಂತೆ ತಲೆಬುರುಡೆಗೆ ಬಂದು ಬಡಿಯುತ್ತಿತ್ತು.

ಹಂದನಕೆರೆಯ ನಯನ ತನ್ನ ಹಳೇ ಪಿಕಪ್ ಗಾಡಿಯನ್ನು ಅವನ ಶೆಡ್ಡಿಗೆ ತಂದದ್ದು ಬೇಸಿಗೆ ಕಾಲಿಡುವ ಹೊತ್ತಿನಲ್ಲಿ. ಗಂಡ ದಯಾನಂದ್‌ಗೆ ಬೆನ್ನಿನ ತೊಂದರೆಯಾಗಿ, ಹೆಚ್ಚು ಹೊತ್ತು ಕೂತು ಗಾಡಿ ಓಡಿಸುವುದು ಆಗದಂತಾದಾಗ ಮನೆಯಲ್ಲಿ ಅದನ್ನು ಮಾರುವ ಮಾತು ಬಂದಿತ್ತು. ನಾನು ಕಲಿಯುತ್ತೇನೆ ಎಂದಳು ನಯನ. ಕಲಿತಳು ಕೂಡ. ಈಗ ತಮ್ಮ ತೋಟದ್ದಲ್ಲದೆ ಅಕ್ಕಪಕ್ಕದವರ ಕೊಬ್ಬರಿ ಚೀಲಗಳನ್ನೂ ಹೇರಿಕೊಂಡು ತಿಪಟೂರಿನ ಮಾರುಕಟ್ಟೆಗೆ ಹಾಕಿ ಬರುತ್ತಿದ್ದಳು. ಪಕ್ಕದಲ್ಲಿ ಯಾವಾಗಲೂ ಅತ್ತೆ ಚಿಕ್ಕಗೌರಮ್ಮ. ಸೊಸೆಗೆ ಜೊತೆಯಿರಲಿ ಅಂತ ಹೋಗುತ್ತೇನೆ ಎಂದು ಮುದುಕಿ ಊರಿಗೆಲ್ಲ ಹೇಳುತ್ತಿದ್ದಳು. ಆದರೆ ಮದುವೆಯಾಗಿ ಬಂದಾಗಿನಿಂದ ತೋಟ, ಕೊಟ್ಟಿಗೆ, ಒಲೆ ಬಿಟ್ಟು ಬೇರೇನೂ ಕಾಣದಿದ್ದ ಅವಳಿಗೆ ಕಿಟಕಿ ಪಕ್ಕ ಕೂತು ಊರೂರು ನೋಡುವ ರುಚಿ ಹತ್ತಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಗಾಡಿ ನಿಂತಲ್ಲೆಲ್ಲ ಆಯಿಲ್ ತೊಟ್ಟಿಕ್ಕುತ್ತದೆ, ಚೀಲ ಹೇರಿದರೆ ದಿಬ್ಬ ಹತ್ತುವುದಿಲ್ಲ, ಹಿಂದಿನಿಂದ ಕರಿಹೊಗೆ ಬರುತ್ತದೆ ಎಂದು ನಯನ ವಿವರಿಸಿದಳು.

"ಪಿಕಪ್ ಗಾಡಿಗೇ ಪಿಕಪ್ ಇಲ್ದಂಗಾಗೈತೆ ಉಗ್ರಪ್ಪಣ್ಣ" ಎಂದು ನಗಲು ನೋಡಿದಳು. ನಗು ಪೂರ್ತಿ ಬರಲಿಲ್ಲ. ಇಂಜಿನ್ ಬಿಚ್ಚುವಂಥದ್ದಾದರೆ ಇನ್ನು ಇದರ ಸಹವಾಸ ಬೇಡ, ಗುಜರಿಗೆ ಹಾಕಿಬಿಡೋಣ ಎಂದು ದಯಾನಂದ್ ಹೇಳಿದ್ದಾನಂತೆ. ಇನ್ನೊಂದು ಗಾಡಿ ತೆಗೆದುಕೊಳ್ಳುವ ಮಾತನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಅದನ್ನು ಹೇಳುವಾಗ ಅವಳು ಸ್ಟೀರಿಂಗ್ ಮೇಲಿನ ಕೈಯನ್ನು ತೆಗೆದಿರಲಿಲ್ಲ.

ಉಗ್ರಪ್ಪ ಗಾಡಿಯ ಅಡಿ ತೂರಿ ನೋಡಿದ. ಇಂಜಿನ್ನಿನ ಪಕ್ಕೆಯಿಂದ ಗೇರ್ ಪೆಟ್ಟಿಗೆಯವರೆಗೆ ಎಲ್ಲ ಒದ್ದೆ. ಅದರ ಮೇಲೆ ದಾರಿಯ ಧೂಳು ಕೂತು ಕರಿ ಹುಣಸೆಹಣ್ಣಿನಂತೆ ಮೆತ್ತಿಕೊಂಡಿತ್ತು. ಆಯಿಲ್ ಎಲ್ಲಿಂದ ಹೊರಟು ಎಲ್ಲಿಗೆ ಹರಿದಿದೆ ಎಂಬುದು ತಿಳಿಯುವಂತಿರಲಿಲ್ಲ. ಮೇಲೆದ್ದು ಸ್ಕ್ರೂಡ್ರೈವರ್ ಆನಿಸಿ ಕೇಳಿದ. ಇಂಜಿನ್ನಿನ ಬಡಿತ ಹಳೇ ಗಾಡಿಗೆ ತಕ್ಕ ಹಾಗೆಯೇ ಇತ್ತು. ಆಮೇಲೆ ಓಡುತ್ತಿದ್ದ ಇಂಜಿನ್ನಿನ ಆಯಿಲ್ ಮುಚ್ಚಳ ತೆಗೆದ. ಬಿಸಿ ಹೊಗೆ ಬುಸುಬುಸು ಎಂದು ಮುಖಕ್ಕೆ ಹೊಡೆಯಿತು. ಆಯಿಲ್ ಸೋರುತ್ತಿದೆ, ಎಳೆತವಿಲ್ಲ, ಮುಚ್ಚಳ ತೆಗೆದರೆ ಹೊಗೆ ಬರುತ್ತಿದೆ. ಪಿಸ್ಟನ್ನಿನ ರಿಂಗುಗಳು ಸವೆದ ಗಾಡಿ ಹೀಗೇ ಮಾಡುವುದು. ಅವನ ಮನಸ್ಸು ಅಲ್ಲಿಗೇ ಬಂದು ನಿಂತಿತು. ಆದರೂ ಒಂದು ಸುತ್ತು ಓಡಿಸಿ ನೋಡೋಣವೆಂದು ತಾನೇ ಹತ್ತಿ ಕೂತ. ನಯನ ನಡುವೆ, ಚಿಕ್ಕಗೌರಮ್ಮ ಕಿಟಕಿಯ ಪಕ್ಕ.

ಕೆರೆ ಏರಿ ದಾಟಿದ ಮೇಲೆ ರಸ್ತೆ ಉದ್ದಕ್ಕೂ ದಿಬ್ಬ ಏರುತ್ತದೆ. ಉಗ್ರಪ್ಪ ಆಕ್ಸಿಲರೇಟರ್ ತುಳಿದ. ಖಾಲಿ ಗಾಡಿಯೇ ಏದುಸಿರು ಬಿಡುತ್ತ, ಎಳೆಯಲೋ ಬೇಡವೋ ಎನ್ನುವಂತೆ ಹತ್ತತೊಡಗಿತು.

"ಇಗಾ, ಸುರುವಾಯ್ತು ನೋಡು ಸಿಳ್ಳೆ" ಎಂದಳು ಚಿಕ್ಕಗೌರಮ್ಮ. ತೋಟದ ಈ ತುದಿಯಿಂದ ಆ ತುದಿಗೆ ಕೂಗಿ ಪಳಗಿದ ಗಂಟಲು ಅವಳದು.

"ಯಾವ ಸಿಳ್ಳೆ?"

"ಅದೇ ಕಣಪ್ಪ, ಏರು ಬಂದ್ರೆ ಸಾಕು ಹೊಡಿತೈತಲ್ಲ. ಕುರಿ ಕಾಯೋರು ಹೊಡೀತಾರಲ್ಲ, ಹಂಗೆ. ನಿಂಗೆ ಕೇಳುಸ್ತಿಲ್ವಾ?"

ಉಗ್ರಪ್ಪ ಕಿವಿಗೊಟ್ಟ. ಇಂಜಿನ್ನಿನ ಮೊರೆತವಿತ್ತು. ಬಾಗಿಲು ಅದುರುವ ಸದ್ದು, ಟೈರಿನಡಿ ಜಲ್ಲಿ ಸಿಡಿಯುವ ಸದ್ದು, ಎಲ್ಲವೂ ಇದ್ದವು. ಸಿಳ್ಳೆ ಇರಲಿಲ್ಲ. ಕಿಟಕಿಯ ಸಂದಿನಲ್ಲಿ ಗಾಳಿ ನುಗ್ಗುವ ಸದ್ದಿರಬೇಕು ಎಂದು ಹೇಳಿ ಎರಡೂ ಕಡೆಯ ಗಾಜು ಏರಿಸಲು ಹೇಳಿದ. ಏರಿಸಿದರು. ಅವನು ಮತ್ತೆ ತುಳಿದ. ಈಗಲೂ ಹೊಡೆಯುತ್ತಿದೆ ಎಂದಳು ಮುದುಕಿ.

"ಸುಮ್ನಿರಿ ಅತ್ತೆ" ಎಂದಳು ನಯನ.

ಉಗ್ರಪ್ಪ ಅವಳ ಕಡೆ ತಿರುಗಿದ. ಅವಳು ಎದುರಿನ ರಸ್ತೆಯನ್ನು ನೋಡುತ್ತಿದ್ದಳು. ಸಿಳ್ಳೆ ಇಲ್ಲ ಎಂದು ಅವಳು ಹೇಳಿರಲಿಲ್ಲ. ಅತ್ತೆಯನ್ನು ಸುಮ್ಮನಿರಿಸಿದ್ದಳು, ಅಷ್ಟೇ. ದೊಡ್ಡವರು ಎಡವಿದಾಗ ಕಂಡರೂ ಕಾಣದ ಹಾಗೆ ಮುಖ ತಿರುಗಿಸುತ್ತಾರಲ್ಲ, ಅಂಥ ಮರ್ಯಾದೆ ಅವಳ ಮುಖದಲ್ಲಿತ್ತು. ಉಗ್ರಪ್ಪ ಅಲ್ಲಿಂದಲೇ ಗಾಡಿ ತಿರುಗಿಸಿದ.

ಶೆಡ್ಡಿಗೆ ಬಂದ ಮೇಲೆ ಅವನ ಮಾತು ಗಡುಸಾಯಿತು. ರಿಂಗು ಸವೆದಿವೆ, ಇಂಜಿನ್ ಬಿಚ್ಚಲೇಬೇಕು, ಗಾಡಿ ಇಲ್ಲೇ ಇರಲಿ ಎಂದ. ಬೇರೆ ಏನಾದರೂ ಇರಬಹುದಾ, ಇನ್ನೊಂದ್ಸಲ ನೋಡಬಹುದಾ ಎಂದು ನಯನ ಮೆಲ್ಲಗೆ ಕೇಳಿದ್ದಕ್ಕೆ, ಕೇಳೋಕೆ ಬಂದ್ಯೋ ಹೇಳೋಕೆ ಬಂದ್ಯೋ ಎಂದುಬಿಟ್ಟ. ಅವಳು ಕೀಲಿಯನ್ನು ಗಾಡಿಯಲ್ಲೇ ಬಿಟ್ಟು, ಸೀಟಿನ ಹಿಂದಿದ್ದ ನೀರಿನ ಬಾಟಲಿ, ಟವೆಲು ತೆಗೆದುಕೊಂಡಳು. ಬಸ್ಸಿಗೆ ಹೊರಡುವಾಗ ಚಿಕ್ಕಗೌರಮ್ಮ ಗಾಡಿಯ ಬಾಗಿಲನ್ನು ಕರುವಿನ ಬೆನ್ನು ಸವರುವ ಹಾಗೆ ಒಮ್ಮೆ ಸವರಿ ಹೋದಳು.

ಅವರು ಕಣ್ಮರೆಯಾದ ಮೇಲೆ ಉಗ್ರಪ್ಪ ಇಂಜಿನ್ ಎತ್ತುವ ಸರಪಳಿಯನ್ನು ತೊಲೆಗೆ ಹಾಕಿದ. ನಟ್ಟು ತಿರುಗಿಸುವ ಪಾನಾಗಳನ್ನು ಗೋಣಿತಾಟಿನ ಮೇಲೆ ಹರಡಿದ. ಆದರೆ ಕೈ ಮುಂದೆ ಹೋಗಲಿಲ್ಲ. ಒಂದೇ ಒಂದು ನಟ್ಟನ್ನೂ ಬಿಚ್ಚದೆ, ಗಾಡಿ ಚಾಲೂ ಮಾಡಿ, ಕೈಯಿಂದಲೇ ಇಂಜಿನ್ನಿಗೆ ರೇಸ್ ಕೊಡುತ್ತ, ಒಂದೊಂದು ಕಡೆಯಿಂದ ಬಗ್ಗಿ ಕಿವಿಗೆ ಅಂಗೈ ಮರೆ ಮಾಡಿ ಕೇಳಿದ. ಬಲಗಿವಿಯಿಂದ ಕೇಳಿದ, ಎಡಗಿವಿಯಿಂದ ಕೇಳಿದ. ಅದೇ ದಡದಡ. ಇಂಜಿನ್ ಆಫ್ ಮಾಡಿದ ಮೇಲೆ ಶೆಡ್ಡು ತುಂಬ ಖಾಲಿಯೆನಿಸಿತು. ಹೊಂಗೆಮರದಲ್ಲಿ ಅಳಿಲೊಂದು ಬಾಲ ಕುಣಿಸುತ್ತ ಬಾಯಿ ತೆರೆದು ಮುಚ್ಚುತ್ತಿತ್ತು. ಅವನು ಅದನ್ನೇ ನೋಡುತ್ತ ನಿಂತ. ಅದು ಕೂಗುತ್ತಿದೆ ಎಂಬುದು ಕಣ್ಣಿಗೆ ಗೊತ್ತಾಗುತ್ತಿತ್ತು. ಅಳಿಲಿನ ಕೂಗು ಕೊನೆಯ ಸಲ ಕೇಳಿದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ನೋಡಿದ. ಆಗಲಿಲ್ಲ.

ಊಟಕ್ಕೆ ಬರಲಿಲ್ಲವೆಂದು ರೇವಮ್ಮ ತಟ್ಟೆಗೆ ಮುದ್ದೆ, ಹುರುಳಿಕಾಳಿನ ಸಾರು ಹಾಕಿಕೊಂಡು ಶೆಡ್ಡಿಗೇ ಬಂದಳು. ಉಗ್ರಪ್ಪ ಪಾನಾಗಳ ನಡುವೆ ಕೂತಿದ್ದ. ತಟ್ಟೆಯ ಕಡೆ ನೋಡದೆ ಎದ್ದು ಮತ್ತೆ ಇಂಜಿನ್ ಚಾಲೂ ಮಾಡಿದ.

"ಇಲ್ಲಿ ಬಾ. ಇದು ಸಿಳ್ಳೆ ಹೊಡಿತೈತಾ ಕೇಳು" ಎಂದ.

ರೇವಮ್ಮ ತಟ್ಟೆಯನ್ನು ಬೆಂಚಿನ ಮೇಲಿಟ್ಟು ಹತ್ತಿರ ಬಂದಳು. ಅವನು ರೇಸ್ ಕೊಟ್ಟಾಗ ತಲೆ ಓರೆ ಮಾಡಿ ಕೇಳಿದಳು. ಸಿಳ್ಳೆ ಅನ್ನುವ ಹಾಗಿಲ್ಲ, ಆದರೆ ಎಲ್ಲೋ ಸಣ್ಣಗೆ ಸುಯ್ ಅಂತ ಗಾಳಿ ಹೋಗುವ ಹಾಗಿದೆ ಎಂದು ಅವನ ಮುಖಕ್ಕೆ ಮುಖ ಕೊಟ್ಟು ಹೇಳಿದಳು. ಉಗ್ರಪ್ಪ ಇಂಜಿನ್ ನಿಲ್ಲಿಸಿದ.

"ನಿಂಗೆ ಎಷ್ಟು ದಿನದಿಂದ ಗೊತ್ತು?"

ಅವನು ಕೇಳಿದ್ದು ಗಾಡಿಯ ವಿಷಯವಲ್ಲ ಎಂಬುದು ಅವಳಿಗೆ ತಿಳಿಯಿತು. ಸೆರಗಿನಿಂದ ಕೈ ಒರೆಸಿಕೊಂಡಳು.

"ಬಾಳ ದಿನ ಆಯ್ತು. ಕುಕ್ಕರ್ ಕೂಗಿ ಕೂಗಿ ಬೇಳೆ ಸೀದೋಯ್ತಲ್ಲ, ನಾನು ನೀರಿಗೆ ಹೋಗಿದ್ದಾಗ. ನೀವು ಒಲೆ ಪಕ್ಕದಲ್ಲೇ ಕೂತಿದ್ರಿ. ಅವತ್ತಿಂದ."

"ನಂಗೆ ಹೇಳ್ಬೇಕಿತ್ತು."

"ಹೇಳುದ್ರೆ ಕೇಳಿಸ್ಕಂತಿದ್ರಾ?"

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ನಗು ಬಂತು. ಅವನಿಗೂ ಬಂತು. ಆದರೆ ನಗುತ್ತಿರುವಾಗಲೇ ಅವನ ಕಣ್ಣು ತುಂಬಿತು. ಅವನು ಮುಖ ಆಚೆ ಮಾಡಿ, ಗ್ರೀಸ್ ಕೈಯಲ್ಲೇ ಕಣ್ಣೊರೆಸಿಕೊಂಡು ಮೂಗಿನ ಮೇಲೆಲ್ಲ ಕಪ್ಪು ಮಾಡಿಕೊಂಡ. ಜನರಿಗೆ ಗೊತ್ತಾದರೆ ಇನ್ನು ಯಾರು ಬರುತ್ತಾರೆ, ಕಿವುಡನ ಹತ್ತಿರ ಗಾಡಿ ಕೇಳಿಸೋಕೆ ಯಾರಿಗೆ ಹುಚ್ಚು ಎಂದ. ರೇವಮ್ಮ ತಟ್ಟೆಯನ್ನು ಅವನ ಮುಂದಿಟ್ಟು ಎದುರಿಗೆ ಕೂತಳು.

"ಮೊದ್ಲು ಉಣ್ಣಿ. ಆ ಹೆಣ್ಮಗಳ ಗಾಡಿ ಮಾತ್ರ ಬಿಚ್ಬೇಡಿ" ಎಂದಳು.

ಅವನು ಉಂಡ. ಉಣ್ಣುತ್ತ ಉಣ್ಣುತ್ತ ತಲೆ ಕೆಲಸ ಮಾಡತೊಡಗಿತು. ಕಿವಿಯ ಸುದ್ದಿ ಅತ್ತ ಇರಲಿ, ಏರಿನಲ್ಲಿ ಸಿಳ್ಳೆ, ಅಂದರೆ ಏನು? ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋ ಇದೆ. ಅಲ್ಲಿಂದ ಗಾಳಿ ಹೋಗುವ ದಪ್ಪ ರಬ್ಬರ್ ಪೈಪು ಎಲ್ಲಾದರೂ ಸೀಳಿದ್ದರೆ, ಗಾಡಿ ಭಾರ ಎಳೆಯುವಾಗ ಗಾಳಿ ಆ ಸೀಳಿನಿಂದಲೇ ನುಗ್ಗಿ ಸಿಳ್ಳೆ ಹೊಡೆಯುತ್ತದೆ. ಇಂಜಿನ್ನಿಗೆ ಗಾಳಿ ಸಾಲದೆ ಹೋದರೆ ಎಳೆತವೂ ಇಲ್ಲ, ಡೀಸೆಲ್ ಸರಿಯಾಗಿ ಉರಿಯದೆ ಕರಿಹೊಗೆ. ಆ ಪೈಪಿನೊಳಗೆ ಯಾವಾಗಲೂ ಒಂಚೂರು ಆಯಿಲ್ ಪಸೆ ಇರುವುದರಿಂದ ಅದೂ ಸೀಳಿನಿಂದ ಸಿಡಿದು, ಓಡುವಾಗಿನ ಗಾಳಿಗೆ ಹಿಂದಕ್ಕೆಲ್ಲ ಹರಡುತ್ತದೆ. ಸವೆದ ರಿಂಗಿಗೂ ಇದಕ್ಕೂ ಲಕ್ಷಣ ಬಹುಪಾಲು ಒಂದೇ. ಬೇರೆ ಮಾಡಿ ಹೇಳುವುದು ಆ ಸಿಳ್ಳೆಯೊಂದೇ.

ಪೈಪುಗಳನ್ನು ಕೈಯಲ್ಲಿ ಹಿಸುಕಿ ನೋಡಿದ. ಎಲ್ಲೂ ಬಿರುಕು ಕಾಣಲಿಲ್ಲ. ನಿಂತ ಗಾಡಿಯಲ್ಲಿ ಅದು ಬಾಯಿ ಮುಚ್ಚಿಕೊಂಡಿದ್ದರೂ ಇರಬಹುದು. ಆಗ ಅವನು ಬ್ರಶ್ಶಿಗೆ ಡೀಸೆಲ್ ಅದ್ದಿ ಇಂಜಿನ್ನಿನ ಮೈಯನ್ನು ಉಜ್ಜಿ, ಸೋಪಿನ ನೀರು ಹೊಡೆದು, ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟ. ಬಿಸಿಲು ಚೆನ್ನಾಗಿದ್ದುದರಿಂದ ಬೇಗ ಒಣಗಿತು. ರೇವಮ್ಮನ ಹತ್ತಿರ ಮುಖದ ಪೌಡರ್ ಡಬ್ಬಿ ಕೇಳಿ ತಂದ. ಪೈಪು, ಅದನ್ನು ಬಿಗಿದ ಕ್ಲಾಂಪು, ಇಂಜಿನ್ನಿನ ಪಕ್ಕೆ ಯಾವುದನ್ನೂ ಬಿಡದೆ ಪೌಡರ್ ಉದುರಿಸಿದ. ಎಲ್ಲಿಂದ ಆಯಿಲ್ ಹೊರಟರೂ ಆ ಬಿಳುಪಿನ ಮೇಲೆ ಗೆರೆ ಬೀಳಲೇಬೇಕು. ಗಾಡಿಗೆ ಭಾರ ಬೇಕಿತ್ತು. ಪಕ್ಕದಲ್ಲಿ ಸಿಮೆಂಟ್ ಇಟ್ಟಿಗೆ ಮಾಡುವ ಕೆಂಚಪ್ಪನನ್ನು ಕೇಳಿ ಹಿಂದೆ ಇಟ್ಟಿಗೆ ತುಂಬಿಸಿದ. ಆಮೇಲೆ ರೇವಮ್ಮನನ್ನು ಹತ್ತು ಎಂದ.

"ನಾನ್ಯಾಕೆ?"

"ಸಿಳ್ಳೆ ಬಂದಾಗ ನನ್ನ ತೋಳು ತಟ್ಟು. ನಿಂತೋದ್ರೆ ತಟ್ಟೋದು ನಿಲ್ಸು."

ಇಷ್ಟು ವರ್ಷ ಗಂಡ ಗಾಡಿಗಳ ಹಿಂದೆ ಬಿದ್ದಿದ್ದರೂ, ಅವನು ಪರೀಕ್ಷೆ ಮಾಡುವ ಗಾಡಿಯಲ್ಲಿ ರೇವಮ್ಮ ಕೂತದ್ದು ಅದೇ ಮೊದಲು. ಕೆರೆ ಏರಿ ದಾಟಿ ದಿಬ್ಬ ಶುರುವಾಯಿತು. ಉಗ್ರಪ್ಪ ತುಳಿದ. ಅವಳ ಕೈ ಅವನ ತೋಳನ್ನು ತಟ್ಟತೊಡಗಿತು. ಕಾಲು ಎತ್ತಿದ. ಕೈ ನಿಂತಿತು. ಮತ್ತೆ ಜೋರಾಗಿ ತುಳಿದ. ಮತ್ತೆ ಜೋರಾಗಿ ತಟ್ಟಿದಳು. ಅವಳ ಬಳೆಯೂ ಅವನ ತೋಳಿಗೆ ಬಡಿಯುತ್ತಿತ್ತು. ಕಿವಿಯಲ್ಲಿ ಇಲ್ಲದ ಸದ್ದು ಹಾಗೆ ತೋಳಿನಿಂದ ಒಳಗೆ ಬರುತ್ತಿದ್ದರೆ ಉಗ್ರಪ್ಪನಿಗೆ ದುಃಖವೂ ಧೈರ್ಯವೂ ಒಟ್ಟಿಗೇ ಆದವು.

ದಿಬ್ಬದ ನೆತ್ತಿಯಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದ. ಇಂಜಿನ್ನಿನ ಪಕ್ಕೆಯ ಮೇಲೆ ಪೌಡರ್ ಹಾಗೇ ಇತ್ತು. ದಪ್ಪ ಪೈಪಿನ ಬಾಗಿನಲ್ಲಿ, ಕೆಳಮೈಯಲ್ಲಿ ಮಾತ್ರ ಪೌಡರ್ ಊದಿ ಹಾರಿಸಿದಂತೆ ಹೋಗಿತ್ತು. ಅಲ್ಲೊಂದು ಒದ್ದೆ ಗೆರೆ. ಉಗುರಿನಿಂದ ಒತ್ತಿ ಅಗಲಿಸಿದಾಗ ಸೀಳು ಬಾಯಿ ಬಿಟ್ಟಿತು. ಕ್ಲಾಂಪಿನ ಅಂಚು ತಿಕ್ಕಿ ತಿಕ್ಕಿ ಆದ ಗಾಯ. ಬೆರಳು ತೆಗೆದರೆ ಗಾಯವೇ ಇಲ್ಲದಂತೆ ಕೂಡಿಕೊಳ್ಳುತ್ತಿತ್ತು. ರೇವಮ್ಮ ಇಳಿದು ಬಂದು ನೋಡಿದಳು. ಇಷ್ಟಕ್ಕಾ ಇಷ್ಟೊಂದು ರಂಪ ಎಂದಳು.

ಮುಚ್ಚಳ ತೆಗೆದರೆ ಬರುತ್ತಿದ್ದ ಹೊಗೆಯ ಲೆಕ್ಕ ಮಾತ್ರ ಉಳಿದಿತ್ತು. ಶೆಡ್ಡಿಗೆ ಮರಳಿ, ಇಂಜಿನ್ನಿನೊಳಗಿನ ಆವಿ ಹೊರಹೋಗುವ ಸಣ್ಣ ಪೈಪನ್ನು ಬಿಚ್ಚಿ ಊದಿ ನೋಡಿದ. ಗಾಳಿ ಹೋಗಲಿಲ್ಲ. ಒಳಗೆ ಕರಿ ರಾಡಿ ಗಟ್ಟಿಯಾಗಿ ಕೂತು ದಾರಿಯೇ ಮುಚ್ಚಿತ್ತು. ಉಸಿರಾಡುವ ದಾರಿ ಕಟ್ಟಿದ ಮೇಲೆ ಒಳಗಿನ ಒತ್ತಡ ಆಯಿಲನ್ನು ಟರ್ಬೋ ಕಡೆಯಿಂದ ಆ ದಪ್ಪ ಪೈಪಿಗೇ ನೂಕದೆ ಏನು ಮಾಡೀತು. ಕಂಬಿ ತೂರಿಸಿ, ಡೀಸೆಲ್ಲಿನಲ್ಲಿ ತೊಳೆದು ಹಾಕಿದ ಮೇಲೆ, ಮುಚ್ಚಳ ತೆಗೆದರೂ ಹೊಗೆ ಮುಖಕ್ಕೆ ಹೊಡೆಯಲಿಲ್ಲ. ಹೊಸ ಪೈಪಿಗೆ ತಿಪಟೂರಿನ ಬಿಡಿಭಾಗದ ಅಂಗಡಿಗೆ ರೇವಮ್ಮ ಫೋನ್ ಮಾಡಿ ಹೇಳಿದಳು. ಮಾರನೆಯ ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ಅದನ್ನು ಶೆಡ್ಡಿನ ಮುಂದೆ ಇಳಿಸಿಕೊಟ್ಟ.

ಶೆಡ್ಡಿಗೆ ಬನ್ನಿ ಎಂದಷ್ಟೇ ನಯನಳಿಗೆ ತಿಳಿಸಿದರು. ಅವಳು ಬಂದಾಗ ಜೊತೆಗೆ ಚಿಕ್ಕಗೌರಮ್ಮನೂ ಇದ್ದಳು. ಇಂಜಿನ್ ಹೊರಗೆ ಬಿದ್ದಿರುವುದನ್ನು ನೋಡಲು ಮನಸ್ಸು ಗಟ್ಟಿ ಮಾಡಿಕೊಂಡು ಬಂದವರ ಹಾಗಿದ್ದರು ಇಬ್ಬರೂ. ಉಗ್ರಪ್ಪ ಏನನ್ನೂ ಹೇಳದೆ, ಇಟ್ಟಿಗೆ ಹಿಂದೆ ಹಾಗೇ ಇದೆ, ಒಂದು ಸುತ್ತು ಹೋಗಿ ಬಾ ಎಂದು ಕೀಲಿ ಕೊಟ್ಟ. ಅತ್ತೆ ಸೊಸೆ ಹೋದರು. ಅವನು ರಸ್ತೆಯ ಅಂಚಿನಲ್ಲಿ ನಿಂತು, ಕೆರೆಯಾಚೆಯ ದಿಬ್ಬದ ಮೇಲೆ ಗಾಡಿ ಏರುವುದನ್ನು ನೋಡಿದ. ಹಿಂದೆ ಹೊಗೆಯಿರಲಿಲ್ಲ. ಎಲ್ಲೂ ತಡೆಯದೆ ಏರಿ ಮರೆಯಾಯಿತು.

ವಾಪಸು ಬಂದ ನಯನ ಇಳಿಯುವ ಮೊದಲೇ ಮಾತಾಡುತ್ತಿದ್ದಳು. ಮೂರನೇ ಗೇರಿನಲ್ಲೇ ಹತ್ತಿತು, ಹೊಸದರಲ್ಲಿ ಹೀಗಿತ್ತು ಎಂದು ನಮ್ಮ ಮನೆಯವರು ಹೇಳುತ್ತಿದ್ದರು ಎಂದಳು. ಇಂಜಿನ್ ಬಿಚ್ಚಿಲ್ಲ, ಸಿಳ್ಳೆ ಹೊಡೆಯುತ್ತಿದ್ದ ಸೀಳು ಪೈಪನ್ನಷ್ಟೇ ಬದಲಾಯಿಸಿದ್ದು ಎಂದು ತಿಳಿದಾಗ ಅವಳು ಬಾನೆಟ್ ಎತ್ತಿ ಹೊಸ ಪೈಪನ್ನು ಮುಟ್ಟಿ ನೋಡಿದಳು. ಆಮೇಲೆ ಹೇಳಿದಳು:

"ಅದಕ್ಕೇ ಎಲ್ರೂ ನಿಮ್ಮ ಕಿವಿ ಅಂದ್ರೆ ಕಿವಿ ಅನ್ನೋದು ಉಗ್ರಪ್ಪಣ್ಣ. ಅವತ್ತು ನೀವು ಗಾಳಿ ಸದ್ದು ಅಂದ್ರೂ ಸಿಳ್ಳೆ ಹಿಡ್ಕಂಡೇ ಬಿಟ್ಟಿದ್ರಿ ನೋಡಿ."

ಅವಳು ಕೊಂಕು ಆಡುತ್ತಿರಲಿಲ್ಲ. ನಿಜವಾಗಿಯೂ ಹಾಗೆಂದುಕೊಂಡಿದ್ದಳು, ಇಲ್ಲವೇ ಹಾಗೆಂದುಕೊಳ್ಳಲು ಮನಸ್ಸು ಮಾಡಿದ್ದಳು. ಉಗ್ರಪ್ಪ ಒಂದು ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಅವನ ಹೆಸರು ಹಂದನಕೆರೆಯ ಕಡೆ ಇನ್ನೊಂದು ಸುತ್ತು ದೊಡ್ಡದಾಗುತ್ತಿತ್ತು. ಹಿತ್ತಲ ಬಾಗಿಲಲ್ಲಿ ರೇವಮ್ಮ ಕಾಫಿ ಲೋಟ ಹಿಡಿದು ನಿಂತಿದ್ದಳು. ಅವಳು ಕಣ್ಣಲ್ಲಿ ಹೀಗೆ ಹೇಳು, ಹಾಗೆ ಹೇಳು ಎಂದೇನೂ ಅನ್ನಲಿಲ್ಲ. ಕಾಫಿ ಆರುತ್ತದೆಂಬಂತೆ ಲೋಟದ ಕಡೆಯೇ ನೋಡುತ್ತಿದ್ದಳು.

"ಇಲ್ಲ ಕಣಮ್ಮ" ಎಂದ ಉಗ್ರಪ್ಪ. "ಸಿಳ್ಳೆ ನಂಗೆ ಕೇಳಿಸ್ಲಿಲ್ಲ. ಈಗ್ಲೂ ಕೇಳ್ಸಲ್ಲ. ನಿಮ್ಮತ್ತೆ ಹೇಳ್ದೆ ಇದ್ದಿದ್ರೆ, ಇವಳು ಜೊತೆಗೆ ಕೂತು ಕೇಳ್ದೆ ಇದ್ದಿದ್ರೆ, ನಾನು ಸುಮ್ಸುಮ್ನೆ ಇಂಜಿನ್ ಬಿಚ್ಚಾಕ್ಬುಡ್ತಿದ್ದೆ. ಅವತ್ತು ನಿನ್ನ ಮೇಲೆ ರೇಗಿದ್ದೂ ಅದಕ್ಕೇ."

ಹೇಳಿಬಿಟ್ಟ ಮೇಲೆ ಉಗ್ರಪ್ಪ ಹಳೇ ಟೈರಿನ ಮೇಲೆ ಕೂತ. ಚಿಕ್ಕಗೌರಮ್ಮ ಅವನನ್ನೇ ನೋಡುತ್ತ ಹತ್ತಿರ ಬಂದಳು.

"ನಾನು ಹೇಳ್ದಾಗ ನೀನು ಗಾಳಿ ಅಂದ್ಬುಟ್ಟು ಗಾಡಿ ತಿರುಗಿಸ್ದೆ. ಮುದ್ಕಿ ಮೂಗು ತೂರುಸ್ತಾಳೆ ಅಂತ ಮುನಿಸ್ಕಂಡೆ ಅನ್ಕಂಡಿದ್ದೆ ಕಣಪ್ಪ" ಎಂದಳು. ಆಮೇಲೆ ತನ್ನ ಕಣ್ಣಿನ ಕಥೆ ತೆಗೆದಳು. ಪೊರೆ ಬಂದು ಮಂಜಾದಾಗ ಯಾರಿಗೂ ಹೇಳದೆ, ರಾಗಿಯಲ್ಲಿ ಕಲ್ಲು ಆರಿಸುತ್ತಿದ್ದೇನೆಂದು ನಟಿಸುತ್ತ ಕೂರುತ್ತಿದ್ದಳಂತೆ. ಮುದ್ದೆಯಲ್ಲಿ ಕಲ್ಲು ಸಿಕ್ಕಿ ಮಗನ ಹಲ್ಲು ಮುರಿದ ಮೇಲೆ ಮನೆಯವರಿಗೆ ತಿಳಿಯಿತು. ಹಲ್ಲು ಮುರಿದದ್ದು ಅವನದು, ನಾಚಿಕೆಯಾದದ್ದು ನನಗೆ, ಆಪರೇಶನ್ ಆದ ಮೇಲೆ ಮೊದಲು ಕಂಡದ್ದು ಮನೆಯ ಮೂಲೆಯ ಜೇಡರಬಲೆ ಎಂದು ಮುದುಕಿ ತನ್ನ ದೊಡ್ಡ ಗಂಟಲಿನಲ್ಲಿ ಹೇಳುವಾಗ ಉಗ್ರಪ್ಪನಿಗೆ ಒಂದು ಮಾತೂ ತಪ್ಪಲಿಲ್ಲ. ರೇವಮ್ಮ ಕಾಫಿ ಕೊಟ್ಟಳು.

ಸಿಳ್ಳೆ ತನಗೂ ಕೇಳಿಸಿತ್ತು, ಆದರೆ ಉಗ್ರಪ್ಪನ ಎದುರು ತಾನು ಹೇಳುವುದಾ ಎಂದು ಸುಮ್ಮನಾದೆ ಎಂದಳು ನಯನ. ಮುಂದಿನ ಸಲ ಹೇಳಿಬಿಡು ಎಂದ ಉಗ್ರಪ್ಪ. ಅವಳು ಆ ಮಾತನ್ನು ಹಿಡಿದುಕೊಂಡು, ಹಾಗಾದರೆ ಈಗಲೇ ಒಂದು ಹೇಳುತ್ತೇನೆ ಎಂದಳು.

"ತಿಪಟೂರಲ್ಲಿ ಕಿವಿ ಡಾಕ್ಟ್ರು ಅವ್ರೆ. ನಮ್ಮ ಮಾವನ್ನ ಅಲ್ಲಿಗೇ ಕರ್ಕಂಡೋಗಿದ್ದು. ಸಂತೆ ದಿನ ಕೊಬ್ಬರಿ ಹಾಕೋಕೆ ಹೋಗ್ತೀನಲ್ಲ, ನೀವಿಬ್ರೂ ಬನ್ನಿ. ಅತ್ತೆ ಒಂದಿನ ಮನೇಲಿರ್ತಾರೆ."

"ಇರ್ತೀನಿ ಬುಡು" ಎಂದಳು ಚಿಕ್ಕಗೌರಮ್ಮ, ಅಷ್ಟೇನೂ ಸಂತೋಷವಿಲ್ಲದೆ.

ಹಾಗೆ ಉಗ್ರಪ್ಪ ಕೊಬ್ಬರಿ ಚೀಲಗಳ ಜೊತೆ ತಿಪಟೂರಿಗೆ ಹೋದ. ಡಾಕ್ಟರು ಅವನನ್ನು ಒಂದು ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿಸಿದಾಗ ಗುಂಡಿ ಒತ್ತು ಎಂದರು. ದಪ್ಪ ಸದ್ದಿಗೆಲ್ಲ ಅವನು ಸರಿಯಾಗಿ ಒತ್ತಿದ. ಆಮೇಲೆ ಗುಂಡಿ ಹಿಡಿದುಕೊಂಡು ಕಾಯುತ್ತಲೇ ಕೂತ. ಗಾಜಿನಾಚೆ ನಿಂತ ರೇವಮ್ಮನಿಗೆ ಅವನ ಹೆಬ್ಬೆರಳು ಅಲುಗದೆ ಇರುವುದು ಕಾಣಿಸುತ್ತಿತ್ತು. ವರ್ಷಗಟ್ಟಲೆ ಇಂಜಿನ್ನಿಗೆ ಕಿವಿ ಕೊಟ್ಟು, ಸುತ್ತಿಗೆ ಬಡಿದು, ತೆಳು ಸದ್ದುಗಳನ್ನು ಹಿಡಿಯುವ ನರ ಸವೆದಿವೆ, ಅವು ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಕಿವಿಗೆ ಇಡುವ ಮಿಷನ್ ಸ್ವಲ್ಪ ಸಹಾಯ ಮಾಡುತ್ತದೆ, ಮೊದಲಿನ ಹಾಗೆ ಮಾಡುವುದಿಲ್ಲ ಎಂದರು. ಉಗ್ರಪ್ಪ ತಲೆಯಾಡಿಸಿದ. ಸವೆದ ಭಾಗದ ಬಗ್ಗೆ ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಇದಕ್ಕೆ ಬೇರೆ ಹಾಕಲು ಬರುವುದಿಲ್ಲ ಎಂಬುದೊಂದನ್ನು ನುಂಗಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ಮಿಷನ್ ಸಿದ್ಧವಾಗಿ ಕೈಗೆ ಬಂದ ದಿನ ತಿಪಟೂರಿನ ಬಸ್ ನಿಲ್ದಾಣದಲ್ಲಿ ಅದನ್ನು ಹಾಕಿಕೊಂಡು, ನಿಲ್ಲಲಾರದೆ ಹೋದ. ಪ್ಲಾಸ್ಟಿಕ್ ಕವರಿನ ಸರಸರ, ಕಂಡಕ್ಟರುಗಳ ಸೀಟಿ, ಚಪ್ಪಲಿಗಳ ಸದ್ದು ಎಲ್ಲವೂ ಒಂದರ ಮೇಲೊಂದು ಬಂದು ಚುಚ್ಚಿದವು. ಕಿತ್ತು ರೇವಮ್ಮನ ಕೈಗೆ ಕೊಟ್ಟುಬಿಟ್ಟ. ಅವಳು ಒತ್ತಾಯ ಮಾಡದೆ ಡಬ್ಬಿಯೊಳಗಿಟ್ಟು ಚೀಲಕ್ಕೆ ಹಾಕಿಕೊಂಡಳು.

ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ಅವನೇ ಕೇಳಿ ಇಸಿದುಕೊಂಡ. ಕಿವಿಗೆ ಸಿಕ್ಕಿಸಿಕೊಂಡು ಸುಮ್ಮನೆ ಕೂತ. ಮನೆ ಈಗ ಸದ್ದಿಲ್ಲದೆ ಇದ್ದುದರಿಂದ ಅಷ್ಟು ಹಿಂಸೆಯಾಗಲಿಲ್ಲ. ರೇವಮ್ಮ ಸಾರು ಬಡಿಸಿದಳು. ಅವನು ಬಾಯಿ ತೆರೆದು, "ಉಪ್ಪು ತಾರೇ" ಎಂದ.

ಎಂದವನೇ ಬೆಚ್ಚಿಬಿದ್ದ. ಯಾರೋ ಪಕ್ಕದಲ್ಲೇ ನಿಂತು ಗದರಿದ ಹಾಗಿತ್ತು ಆ ದನಿ.

"ನಾನು ಇಷ್ಟು ಜೋರಾಗಿ ಮಾತಾಡ್ತಿದ್ನಾ?" ಎಂದು ಕೇಳಿದ. ಅದೂ ಅಷ್ಟೇ ಜೋರಾಗಿತ್ತು.

"ಪಕ್ಕದ ಕೆಂಚಪ್ಪನ ಮನೆಯೋರು ದಿನಾ ನಮ್ಮನೇಲಿ ಏನ್ ಸಾರು ಅಂತ ಕೇಳ್ಬೇಕಾಗೇ ಇಲ್ಲ, ಅಲ್ಲಿಗೇ ಕೇಳುಸ್ತೈತೆ" ಎಂದಳು ರೇವಮ್ಮ.

ಇಷ್ಟು ದಿನ ಈ ಗಂಟಲಲ್ಲೇ ಇವಳನ್ನು ಕೂಗಿದ್ದೇನೆ, ಉಪ್ಪು ಕೇಳಿದ್ದೇನೆ, ನೀನೇ ಬಾಯೊಳಗೆ ಮಾತಾಡುತ್ತೀಯ ಎಂದು ರೇಗಿದ್ದೇನೆ ಎಂದು ಅವನಿಗೆ ಒಟ್ಟಿಗೇ ಹೊಳೆಯಿತು. ತಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತ ಕೂತ. ಆಮೇಲೆ ತನಗೇ ಹೊಸದೆನಿಸುವ ಒಂದು ಸಣ್ಣ ದನಿಯಲ್ಲಿ, ನೀನೂ ಜೊತೆಗೇ ಕೂತು ಉಣ್ಣು ಎಂದ.

ರೇವಮ್ಮ ಸೌಟು ಹಿಡಿದುಕೊಂಡೇ ತಿರುಗಿದಳು.

"ಏನಂದ್ರಿ? ಸ್ವಲ್ಪ ಜೋರಾಗಿ ಹೇಳಿ."